ಲಿಪಿ ನೋಡಿ ಕುಲ ಹೇಳಬಾರದು

ಜೋರ್ಡಾನಿನ ಪೆಟ್ರಾಕ್ಕೆ ಹೊರಡುವ ಪ್ರವಾಸಿಗರಿಗೆ ಕನ್ನಡದಲ್ಲಿ ಟಿಪ್ಪಣಿ ಬರೆದುಕೊಡುವುದು ನನ್ನ ಕೆಲಸ. ಬಂಡೆ ಕೊರೆದು ಆ ಊರು ಕಟ್ಟಿದ ನಬಾಟಿಯನ್ನರ ಬಗ್ಗೆ ಹೆಚ್ಚಿನವರು ಕೇಳುವುದು, "ಇವರು ಯಾರ ಪೈಕಿ?"

ಸುಲಭದ ಉತ್ತರ ಬೈಬಲ್ಲಿನಲ್ಲಿದೆ. ಅಬ್ರಹಾಮನ ಮಗ ಇಷ್ಮಾಯೇಲ, ಅವನ ಹಿರಿಮಗ ನೆಬಾಯೋತ, ಅವನ ವಂಶವೇ ಇವರು ಅನ್ನುವ ಮಾತು. 1ನೇ ಶತಮಾನದ ಯೆಹೂದಿ ಇತಿಹಾಸಕಾರ ಜೋಸೆಫಸ್ ಕೂಡ ಈ ನಾಡನ್ನು ಇಷ್ಮಾಯೇಲನ ಮಕ್ಕಳಿಗೇ ಜೋಡಿಸುತ್ತಾನೆ. ಆದರೆ ಇವರು ತಮ್ಮನ್ನು ಕರೆದುಕೊಂಡದ್ದು 'ನಬಟು' ಅಂತ. ಅದರ ಕೊನೆಯ ವ್ಯಂಜನ ಗಂಟಲು ಬಿಗಿಹಿಡಿದು ನುಡಿಯುವಂಥದ್ದು, ನೆಬಾಯೋತನದ್ದು ಸಾದಾ ತಕಾರ. ಅರಬ್ಬಿ, ಹೀಬ್ರೂಗಳಲ್ಲಿ ಇವು ಬೇರೆ ಬೇರೆ ಅಕ್ಷರ, ಸುಮ್ನೆ ಅದಲುಬದಲಾಗುವುದಿಲ್ಲ. ಹಾಗಾಗಿ ಅನೇಕ ವಿದ್ವಾಂಸರು ಈ ನಂಟನ್ನು ಒಪ್ಪುವುದಿಲ್ಲ.

ಇನ್ನೊಂದು ಗೊಂದಲ ಬರವಣಿಗೆಯದ್ದು. ಕ್ರಿ.ಪೂ. 312ರಲ್ಲಿ, ಅಲೆಕ್ಸಾಂಡರನ ಸೇನಾನಿಯಾಗಿದ್ದ ಆಂಟಿಗೋನಸ್ ಇವರ ಮೇಲೆ ದಂಡು ಕಳಿಸಿದ. ಆಗ ಇವರು ಅಲೆಮಾರಿಗಳು, ಸಂಖ್ಯೆ ಹತ್ತು ಸಾವಿರದ ಆಸುಪಾಸು ಅನ್ನುತ್ತಾನೆ ಗ್ರೀಕ್ ಲೇಖಕ ಡಿಯೋಡೋರಸ್. ಇವರದೇ ಕಟ್ಟಳೆಯಂತೆ ಕಾಳು ಬಿತ್ತುವಂತಿಲ್ಲ, ಮನೆ ಕಟ್ಟುವಂತಿಲ್ಲ, ದ್ರಾಕ್ಷಾರಸ ಮುಟ್ಟುವಂತಿಲ್ಲ. ತಪ್ಪಿದರೆ ಸಾವೇ ಶಿಕ್ಷೆ. ಅಂಥ ಜನ ಆಂಟಿಗೋನಸನಿಗೆ ದೂರು ಬರೆದದ್ದು ಸಿರಿಯದ ಅಕ್ಷರಗಳಲ್ಲಿ, ಅಂದರೆ ಅರಾಮಿಕ್‌ನಲ್ಲಿ. ಹಾಗಂತ ಇವರನ್ನು ಆ ಭಾಷೆಯ ಮೂಲ ಜನರಾದ ಅರಾಮ್ಯರು ಅನ್ನೋಕಾಗಲ್ಲ, ಅಲ್ವಾ? ಪರ್ಷಿಯನ್ನರ ಆಳ್ವಿಕೆಯಿಂದಲೂ ಆ ಸೀಮೆಯ ಕಚೇರಿ ಭಾಷೆಯೇ ಅದು.

ನನಗೆ ದಾರಿ ತೋರಿಸಿದ್ದು ಸೌದಿ ಅರೇಬಿಯಾದಲ್ಲಿ ಇವರದೇ ಊರಾಗಿದ್ದ ಹೆಗ್ರಾದಲ್ಲಿರುವ ಒಂದು ಸಮಾಧಿಯ ಶಾಸನ. ರಾಜ ನಾಲ್ಕನೇ ಹಾರಿತನ 9ನೇ ವರ್ಷದ್ದು. ಕಮ್‌ಕಮ್ ಎಂಬ ಹೆಂಗಸು ತನಗೂ ಮಗಳು ಕುಲೈಬಳಿಗೂ ಮುಂದಿನ ಸಂತತಿಗೂ ಅಂತ ಮಾಡಿಸಿದ ಸಮಾಧಿ. ತಾನು ವಾಇಲಳ ಮಗಳು ಅಂತ ತಾಯಿಯ ಹೆಸರು ಹಾಕಿಸಿದ್ದಾಳೆ! ಸಮಾಧಿಯನ್ನು ಮಾರಿದವರಿಗೆ, ಒತ್ತೆಯಿಟ್ಟವರಿಗೆ ದುಶರಾ, ಅಲ್ಲಾತ್, ಮನಾತ್ ದೇವತೆಗಳ ಶಾಪ. ಬರೆದ ಭಾಷೆ ಅರಾಮಿಕ್, ಹೆಸರುಗಳು ಮಾತ್ರ ಅರಬ್ಬಿ. ರಾಜರೂ ಅಷ್ಟೇ, ಹಾರಿತ, ಮಾಲಿಕ, ಉಬೈದ. ಮಗುವಿಗೆ ಹೆಸರಿಡುವಾಗ ಯಾರೂ ಕಚೇರಿ ಭಾಷೆ ಹುಡುಕುವುದಿಲ್ಲ. ಅದಕ್ಕೇ ಮೂಲ ಕೇಳಿದಾಗ ನಾನು ಲಿಪಿಗಿಂತ ಹೆಸರಿಗೆ ಜಾಸ್ತಿ ಬೆಲೆ ಕೊಡುತ್ತೇನೆ.

ರೋಮ್ 106ರಲ್ಲಿ ಇವರ ರಾಜ್ಯವನ್ನು ನುಂಗಿದ ಮೇಲೂ ಅಕ್ಷರ ಉಳಿಯಿತು. ಸಿರಿಯದ ನಮಾರಾದಲ್ಲಿ ಸಿಕ್ಕ 328ರ ಶಾಸನದಲ್ಲಿ ಲಿಪಿ ನಬಾಟಿಯನ್, ಭಾಷೆ ಅರಬ್ಬಿ. ಇವತ್ತಿನ ಅರಬ್ಬಿ ಲಿಪಿ ಬೆಳೆದದ್ದೂ ಇದರಿಂದಲೇ.

ನನ್ನ ಟಿಪ್ಪಣಿಯಲ್ಲಿ ಈಗ "ಅರಬ್ ಮೂಲದ ಅಲೆಮಾರಿಗಳು" ಅಂತ ಬರೆಯುತ್ತೇನೆ. ನೆಬಾಯೋತನ ಕತೆಯೂ ಇದೆ, ಆದರೆ "ಹೀಗೊಂದು ನಂಬಿಕೆ" ಅನ್ನುವ ತಲೆಬರಹದ ಕೆಳಗೆ.