ಕಳ್ಳನಿಗೂ ಇಲ್ಲಿ ಹೆಸರಿದೆ

ಆಸ್ಟ್ರೇಲಿಯಾದ ಸಿಡ್ನಿ ಬಳಿಯ ಪರಮಟ್ಟಾದಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿ ಮೊನ್ನೆ ನನ್ನ ಮಗಳಿಗೆ ಗೋಡೆಯ ಮೇಲಿನ ಒಂದು ಕಾಗದ ತೋರಿಸಿದರು. ಅವರ ವಂಶದ ಹಿರಿಯನೊಬ್ಬ ಇಂಗ್ಲೆಂಡಿನಲ್ಲಿ ಬಟ್ಟೆ ಕದ್ದು ಸಿಕ್ಕಿಬಿದ್ದಿದ್ದನಂತೆ. ಏಳು ವರ್ಷ ಶಿಕ್ಷೆಯಾಗಿ 1814ರಲ್ಲಿ ಸಿಡ್ನಿಗೆ ಬಂದವನು. ವಿಚಾರಣೆ ಆದ ಊರು, ಹಡಗಿನ ಹೆಸರು, ಶಿಕ್ಷೆ, ಎಲ್ಲವೂ ಅದರಲ್ಲಿದೆ. ಮಗಳು ಮನೆಗೆ ಬಂದವಳೇ ಕೇಳಿದಳು: "ಅಮ್ಮ, 1814ರಲ್ಲಿ ನಮ್ಮನೇಲಿ ಯಾರಿದ್ರು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ತುಂಬಾ ಬೇಜಾರಾಯಿತು.

ಆಗ ಸಿಡ್ನಿ ಇರುವ ಈ ನ್ಯೂ ಸೌತ್ ವೇಲ್ಸ್ ಬ್ರಿಟಿಷರ ಬಯಲು ಜೈಲು. 1840ರವರೆಗೆ ಸುಮಾರು 80,000 ಕೈದಿಗಳನ್ನು ಇಲ್ಲಿಗೆ ತಂದು ಇಳಿಸಿದರು. ಅವರಲ್ಲಿ ಎಷ್ಟೋ ಜನರ ವಿವರ ಇವತ್ತಿಗೂ ಸಿಗುತ್ತದೆ. ಚಲಾವಣೆಗೆ ನಾಣ್ಯ ಸಾಲದೆ ಜನ ರಮ್ ಕೊಟ್ಟು ಸಾಮಾನು ಕೊಳ್ಳುತ್ತಿದ್ದ ಕಾಲ ಅದು. 1812ರಲ್ಲಿ ಮದ್ರಾಸಿನಿಂದ 40,000 ಸ್ಪ್ಯಾನಿಷ್ ಬೆಳ್ಳಿ ನಾಣ್ಯ ಬಂದವು. ಅವು ಹೊರಗೆ ಹೋಗದಿರಲಿ ಎಂದು ನಡುವೆ ತೂತು ಹೊಡೆದರು. ಬಿದ್ದ ಬಿಲ್ಲೆಯೂ ಒಂದು ನಾಣ್ಯ, ಉಳಿದ ಬಳೆಯೂ ಒಂದು ನಾಣ್ಯ. ಆ ಕೆಲಸ ಮಾಡಿದವನು ವಿಲಿಯಂ ಹೆನ್‌ಶಾಲ್, ಖೋಟಾ ನಾಣ್ಯ ಮಾಡಿ ಶಿಕ್ಷೆಯಾಗಿದ್ದ ಕೈದಿ! ಫೋರ್ಜರಿ ಮಾಡಿ ಬಂದ ಫ್ರಾನ್ಸಿಸ್ ಗ್ರೀನ್‌ವೇ ಇಲ್ಲಿನ ದೊಡ್ಡ ದೊಡ್ಡ ಕಟ್ಟಡಗಳನ್ನು ಕಟ್ಟಿಸಿದ. ಮುಂದೆ ಅವನ ಮುಖ ಹತ್ತು ಡಾಲರ್ ನೋಟಿನ ಮೇಲೂ ಬಂತು.

ಇದನ್ನೆಲ್ಲ ಮಾಡಿಸಿದ ಗವರ್ನರ್ ಲ್ಯಾಕ್ಲನ್ ಮಕ್ವಾರಿ. ಇಲ್ಲಿ ರಸ್ತೆಗೂ ಅವನ ಹೆಸರು, ಯೂನಿವರ್ಸಿಟಿಗೂ ಅವನ ಹೆಸರು. ನಾನು ಶ್ರೀರಂಗಪಟ್ಟಣದ ಪಕ್ಕದವಳು. ಈ ಮನುಷ್ಯ 1792ರಲ್ಲೂ 1799ರಲ್ಲೂ ನಮ್ಮ ಕೋಟೆಗೆ ಮುತ್ತಿಗೆ ಹಾಕಿದ ಸೈನ್ಯದಲ್ಲಿದ್ದ. ಟಿಪ್ಪು ಸತ್ತ ಮೇಲೆ ಹಂಚಿದ ಲೂಟಿಯಲ್ಲಿ ಅವನಿಗೂ ಪಾಲು ಸಿಕ್ಕಿತು. ಮಗಳಿಗೆ ಇದನ್ನು ಹೇಳಿದಾಗ ಅವಳು ಕಣ್ಣರಳಿಸಿದಳು. "ಆಗ ಕೋಟೆ ಒಳಗಿದ್ದವರ ಹೆಸರು?" ಟಿಪ್ಪು, ಪೂರ್ಣಯ್ಯ, ಮೀರ್ ಸಾದಿಕ್. ಅಷ್ಟಕ್ಕೇ ನಿಂತೆ. 1799ರ ಮೇ 4ರ ಮಧ್ಯಾಹ್ನ ಒಡೆದ ಗೋಡೆಯ ಹತ್ತಿರ ಸತ್ತ ನಮ್ಮ ಸುತ್ತಮುತ್ತಲ ಹಳ್ಳಿಯ ಹುಡುಗರ ಹೆಸರು ಯಾರು ಹೇಳುತ್ತಾರೆ?

ಇಲ್ಲಿಯವರೂ ಎಲ್ಲರನ್ನೂ ಬರೆದಿಟ್ಟಿಲ್ಲ ಬಿಡಿ. 1816ರ ಏಪ್ರಿಲ್ 17ರ ಬೆಳಗಿನ ಜಾವ, ಮಕ್ವಾರಿ ಕಳಿಸಿದ ಸೈನಿಕರು ಸಿಡ್ನಿ ಕಡೆಯ ಆ್ಯಪಿನ್ ಊರಿನ ಹತ್ತಿರ ಮೂಲನಿವಾಸಿಗಳ ಬಿಡಾರದ ಮೇಲೆ ಬಿದ್ದರು. ಕನಿಷ್ಠ 14 ಜನ ಸತ್ತರು. ಹೆಂಗಸರು ಮಕ್ಕಳೂ ಇದ್ದರು, ಕೆಲವರು ಓಡಿ ಕಮರಿಗೆ ಬಿದ್ದರು. ಅವರಲ್ಲಿ ಹೆಚ್ಚಿನವರ ಹೆಸರು ಕಾಗದದಲ್ಲಿ ಇಲ್ಲ. ಬಟ್ಟೆ ಕದ್ದವನಿಗೆ ಸಿಕ್ಕ ಒಂದು ಸಾಲು, ಈ ನೆಲದ ಮಕ್ಕಳಿಗೆ ಸಿಗಲಿಲ್ಲ. ಪಕ್ಕದ ಮನೆ ಅಜ್ಜಿಗೂ ಇದು ಗೊತ್ತು. ಆ ಮಾತು ಬಂದಾಗ ಅವರ ದನಿ ಇಳಿಯುತ್ತದೆ.

ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಅಪ್ಪನಿಗೆ ಅವರ ಮುತ್ತಾತನವರೆಗೆ ಗೊತ್ತು, ಅದರಾಚೆ ಇಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಹೆಳವರು ಬರ್ತಿದ್ರಲ್ಲವ್ವ, ಅವರಿಗೆ ಎಲ್ಲಾ ಗೊತ್ತಿತ್ತು." ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತಾ ಬರುತ್ತಿದ್ದರಂತೆ. ಮನೆ ಮುಂದೆ ನಿಂತು ಮೂಲಪುರುಷನಿಂದ ಹಿಡಿದು ಯಾರ ಮಗ ಯಾರು, ಯಾವ ಊರಿಂದ ಬಂದವರು ಎಂದು ಒಂದೇ ಉಸಿರಿಗೆ ಹೇಳುತ್ತಿದ್ದರಂತೆ. ಮೊರದಲ್ಲಿ ರಾಗಿ ಅಳೆದು ಕೊಟ್ಟು ಕಳಿಸುತ್ತಿದ್ದರು. ಅಪ್ಪನ ಮದುವೆಯ ಹೊತ್ತಿಗೆ ಅವರು ಬರುವುದು ನಿಂತಿತ್ತು.

ನಮ್ಮಲ್ಲೂ ದಾಖಲೆ ಇತ್ತು, ಅಲ್ವಾ? ಬಾಯಲ್ಲಿತ್ತು ಅಷ್ಟೆ. ಶ್ರೀರಂಗಪಟ್ಟಣ, ಪಾಂಡವಪುರದ ಕಡೆ ಈಗಲೂ ಹೆಳವರು ಬರುವ ಊರಿದ್ದರೆ ದಯವಿಟ್ಟು ತಿಳಿಸಿ. ಸುಗ್ಗಿವರೆಗೆ ಅಣ್ಣ ಊರಲ್ಲೇ ಇರುತ್ತಾನೆ, ಎಲ್ಲಿಗೆ ಬೇಕಾದರೂ ಹೋಗಿ ಬರೆದುಕೊಂಡು ಬರುತ್ತೇನೆ ಎಂದಿದ್ದಾನೆ.