ಗ್ರೇಟ್ ವೆಸ್ಟರ್ನ್: ಶ್ರೀಲಂಕಾದ ಟೀ ಸೀಮೆಯ ಬೆಟ್ಟ ಹತ್ತುವವರಿಗೆ

ಕೊಲಂಬೊದಿಂದ ಬದುಳ್ಳಕ್ಕೆ ಹೋಗುವ ರೈಲು ತಲವಾಕೆಲೆ ದಾಟಿದ ಮೇಲೆ ಕಿಟಕಿಯಲ್ಲಿ ಒಂದು ದೊಡ್ಡ ಬೆಟ್ಟದ ಸಾಲು ಕಾಣುತ್ತದೆ. ಬುಡದಲ್ಲಿ ಟೀ, ಅದರ ಮೇಲೆ ಕಡು ಹಸಿರು ಕಾಡು, ನೆತ್ತಿಯಲ್ಲಿ ಬಹುತೇಕ ಮೋಡ. ರೈಲಿನಲ್ಲಿರುವವರೆಲ್ಲ ಅದರ ಫೋಟೋ ತೆಗೆಯುತ್ತಾರೆ. ಹತ್ತುವವರು ಕಡಿಮೆ. ಹೊರದೇಶದಿಂದ ಬಂದವರಂತೂ ‘ಎಲ್ಲ’ (Ella) ಅನ್ನುವ ಊರು ಮತ್ತು ನುವಾರ ಎಲಿಯ ನೋಡಿ ಹೊರಟುಬಿಡುತ್ತಾರೆ. ಈ ಬೆಟ್ಟದ ಹೆಸರು ಗ್ರೇಟ್ ವೆಸ್ಟರ್ನ್. ಎತ್ತರ 2,200 ಮೀಟರಿಗಿಂತ ಸ್ವಲ್ಪ ಜಾಸ್ತಿ, ಅಂದರೆ ನಮ್ಮ ಮುಳ್ಳಯ್ಯನಗಿರಿಗಿಂತಲೂ ಎತ್ತರ.

ಆದರೆ ಇಲ್ಲಿ ಕಷ್ಟ ಕೊಡುವುದು ಎತ್ತರವಲ್ಲ, ಗಿಡ. ರೈಲು ನಿಲ್ದಾಣವೇ ಸಾಕಷ್ಟು ಮೇಲಿದೆ. ಹಾಗಾಗಿ ಕಾಲಿನಿಂದ ಏರಬೇಕಾದದ್ದು ವಿಪರೀತವೇನಲ್ಲ. ಆದರೆ ಕಾಡು ಶುರುವಾದ ಮೇಲೆ ದಾರಿ ಇದೆಯೋ ಇಲ್ಲವೋ ಅನ್ನುವಷ್ಟು ಬೆಳೆದುಕೊಂಡಿದೆ. ಕುಮಾರ ಪರ್ವತ ಹತ್ತಿದ್ದೇನೆ, ಇದೇನು ಮಹಾ ಅಂತ ಹೊರಡಬೇಡಿ. ಅಲ್ಲಿ ಸವೆದ ದಾರಿ ಇದೆ, ಮುಂದೆ ಹಿಂದೆ ಜನ ಇರುತ್ತಾರೆ. ಇಲ್ಲಿ ಎರಡೂ ಇಲ್ಲ.

ಮೊದಲು ಕಾಲದ ವಿಷಯ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಳೆ ಈ ಬೆಟ್ಟಗಳಿಗೆ ನೇರವಾಗಿ ಬಡಿಯುತ್ತದೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೂ ಮಳೆ ನಂಬುವ ಹಾಗಿಲ್ಲ. ಜನವರಿ ಕೊನೆಯಿಂದ ಮಾರ್ಚ್‌ವರೆಗೆ ಒಳ್ಳೆಯದು. ನಾನು ಮತ್ತು ನನ್ನ ಗೆಳತಿ ಹೋದದ್ದು ಒಂದು ಫೆಬ್ರವರಿಯಲ್ಲಿ, ದಿತ್ವಾ ಚಂಡಮಾರುತಕ್ಕೂ ಮುಂಚೆ. 2025ರ ನವೆಂಬರ್ ಕೊನೆಯಲ್ಲಿ ಬಂದ ಆ ಚಂಡಮಾರುತಕ್ಕೆ ಶ್ರೀಲಂಕಾದಲ್ಲಿ ನೂರಾರು ಜನ ಪ್ರಾಣ ಕಳೆದುಕೊಂಡರು. ಗುಡ್ಡಗಾಡಿನಲ್ಲಿ ಭೂಕುಸಿತಗಳಾದವು, ರೈಲು ಹಳಿಗಳಿಗೂ ತುಂಬಾ ಪೆಟ್ಟು ಬಿತ್ತು. ಆದ್ದರಿಂದ ಹಳೆಯ ಟೈಮ್‌ಟೇಬಲ್ ನೋಡಿ ಪ್ಲಾನ್ ಮಾಡಬೇಡಿ. ರೈಲು ಎಲ್ಲಿಂದ ಎಲ್ಲಿಗೆ ಓಡುತ್ತಿದೆ, ಬೆಟ್ಟದ ಬುಡದಲ್ಲಿ ಮಣ್ಣು ಜಾರಿದೆಯಾ ಅಂತ ಉಳಿದುಕೊಳ್ಳುವ ಮನೆಯವರಿಗೆ ಫೋನ್ ಮಾಡಿ ಕೇಳಿಕೊಳ್ಳಿ. ಹಿಂದಿನ ಎರಡು ದಿನ ಜೋರು ಮಳೆ ಬಂದಿದ್ದರೆ ಬೆಟ್ಟ ಬಿಟ್ಟುಬಿಡಿ. ಭೂಕುಸಿತದ ಎಚ್ಚರಿಕೆ ಅಲ್ಲಿ ಜಿಲ್ಲೆವಾರು ಹೊರಡುತ್ತದೆ. ನುವಾರ ಎಲಿಯ ಜಿಲ್ಲೆಯ ಹೆಸರಿದ್ದರೆ ಅದನ್ನು ಗಂಭೀರವಾಗಿ ತಗೊಳ್ಳಿ.

ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನ ಇದೆ, ಸುಮಾರು ಒಂದೂವರೆ ಗಂಟೆ. ಶ್ರೀಲಂಕಾ ಪ್ರವೇಶಕ್ಕೆ ಬೇಕಾದ ಇಟಿಎ ಅನುಮತಿಯನ್ನು ಆನ್‌ಲೈನ್‌ನಲ್ಲೇ ಮಾಡಿಸಬಹುದು. ಅದರ ಶುಲ್ಕದ ನಿಯಮ ಆಗಾಗ ಬದಲಾಗುವುದರಿಂದ ಹೊರಡುವ ಮುಂಚೆ ಸರ್ಕಾರಿ ತಾಣದಲ್ಲೇ ನೋಡಿ. ರೈಲಿನ ಕಾಯ್ದಿರಿಸಿದ ಸೀಟುಗಳು ಒಂದು ತಿಂಗಳ ಮುಂಚೆ ತೆರೆಯುತ್ತವೆ, ಬೇಗ ಖಾಲಿಯಾಗುತ್ತವೆ. ಸಿಗದಿದ್ದರೆ ಬಸ್ ಹಿಡಿಯಿರಿ. ಹ್ಯಾಟನ್ ಮತ್ತು ನುವಾರ ಎಲಿಯ ನಡುವಿನ ಬಸ್ಸುಗಳು ತಲವಾಕೆಲೆ ಮೂಲಕವೇ ಹೋಗುತ್ತವೆ.

ಆದರೂ ರೈಲು ಓಡುತ್ತಿದ್ದರೆ ಒಂದು ಕಡೆಗಾದರೂ ಅದರಲ್ಲೇ ಹೋಗಿ. ಈ ಹಳಿ 1885ರಲ್ಲಿ ‘ನಾನುಓಯ’ (Nanu Oya) ಅನ್ನುವ ಊರನ್ನು ಮುಟ್ಟಿತು. ಕಾಫಿ, ಆಮೇಲೆ ಟೀ ಕೆಳಗಿಳಿಸಲು ಬ್ರಿಟಿಷರು ಹಾಕಿಸಿದ್ದು. ಏರು ಎಷ್ಟಿದೆ ಅಂದರೆ ಕೆಲವು ಕಡೆ 44 ಅಡಿಗೆ ಒಂದು ಅಡಿ ಮೇಲೇರುತ್ತದೆ. ಗ್ರೇಟ್ ವೆಸ್ಟರ್ನ್ ಅಂತಲೇ ಒಂದು ಪುಟ್ಟ ನಿಲ್ದಾಣ ಇದೆ, ವಟಗೊಡ ಆದ ಮೇಲೆ. ಯಾವ ರೈಲು ಅಲ್ಲಿ ನಿಲ್ಲುತ್ತದೆ ಅಂತ ಟಿಕೆಟ್ ತೆಗೆಯುವಾಗಲೇ ಕೇಳಿ. ಇಲ್ಲವಾದರೆ ತಲವಾಕೆಲೆಯಲ್ಲೋ ನಾನುಓಯದಲ್ಲೋ ಇಳಿದು ಆಟೋ ಮಾಡಿಕೊಳ್ಳಿ. ಹಿಂದಿನ ರಾತ್ರಿ ಈ ಊರುಗಳಲ್ಲೇ ಉಳಿಯುವುದು ಮುಖ್ಯ. ಕ್ಯಾಂಡಿಯಿಂದ ಬೆಳಿಗ್ಗೆ ಹೊರಟು ಅದೇ ದಿನ ಬೆಟ್ಟ ಹತ್ತುತ್ತೇನೆ ಅನ್ನುವ ಲೆಕ್ಕ ಸರಿಹೋಗುವುದಿಲ್ಲ.

ಇನ್ನು ದಾರಿ ತೋರಿಸುವವರು. ನಾನು ಹೇಳುವುದರಲ್ಲಿ ಬೇರೆ ಏನು ಮರೆತರೂ ಪರವಾಗಿಲ್ಲ, ಇದನ್ನು ಮರೆಯಬೇಡಿ: ತೋಟದ ಒಬ್ಬರನ್ನು ಜೊತೆಗೆ ಕರೆದುಕೊಂಡೇ ಹೋಗಿ. ಫೋನಿನಲ್ಲಿ ಯಾರೋ ಹಾಕಿದ ದಾರಿಯ ಗೆರೆ ಸಿಗುತ್ತದೆ. ಅದು ಒಂದು ಮಳೆಗಾಲದ ಹಿಂದಿನದು. ಅಷ್ಟರಲ್ಲಿ ಮರ ಬಿದ್ದಿರುತ್ತದೆ, ಗಿಡ ಮುಚ್ಚಿರುತ್ತದೆ. ನಾವು ಉಳಿದಿದ್ದ ಮನೆಯವರು ಒಬ್ಬ ನಡುವಯಸ್ಸಿನ ಅಣ್ಣನನ್ನು ಗೊತ್ತುಮಾಡಿಕೊಟ್ಟರು. ಟೀ ತೋಟದಲ್ಲೇ ಹುಟ್ಟಿ ಬೆಳೆದವರು. ಕೈಯಲ್ಲಿ ಒಂದು ಕತ್ತಿ, ಕಾಲಿಗೆ ರಬ್ಬರ್ ಚಪ್ಪಲಿ.

ಭಾಷೆಗೆ ಹೆದರಬೇಡಿ. ಈ ತೋಟಗಳಲ್ಲಿ ಹೆಚ್ಚಿನವರು ಆಡುವುದು ತಮಿಳು. ಬೆಂಗಳೂರಿನಲ್ಲೋ ಕೋಲಾರದಲ್ಲೋ ಬೆಳೆದವರಿಗೆ ನಾಲ್ಕು ಮಾತು ಬರುತ್ತದಲ್ವಾ, ಅಷ್ಟು ಸಾಕು. ಭಾರತದಿಂದ ಬಂದವರು ಅಂತ ಗೊತ್ತಾದ ಕೂಡಲೇ ಅವರೇ ತಮ್ಮ ಕಥೆ ಶುರುಮಾಡುತ್ತಾರೆ. ಇವರ ಹಿರಿಯರನ್ನು ಬ್ರಿಟಿಷರು 1820ರ ದಶಕದಿಂದಲೇ ತಮಿಳುನಾಡಿನ ಒಣ ಸೀಮೆಗಳಿಂದ ಕಾಫಿ ತೋಟದ ಕೂಲಿಗೆ ಕರೆತಂದರು. 1869ರಲ್ಲಿ ಎಲೆತುಕ್ಕು ರೋಗ ಬಂದು ಕಾಫಿ ಸತ್ತಿತು, ಟೀ ಬಂತು. ಕೆಲಸದವರು ಅವರೇ. ಶ್ರೀಲಂಕಾಗೆ ಸ್ವಾತಂತ್ರ್ಯ ಬಂದ 1948ರಲ್ಲೇ ಒಂದು ಕಾನೂನು ಮಾಡಿ ಇವರಲ್ಲಿ ಹೆಚ್ಚಿನವರಿಗೆ ಪೌರತ್ವ ಇಲ್ಲದಂತೆ ಮಾಡಿದರು. 1964ರಲ್ಲಿ ನಮ್ಮ ಪ್ರಧಾನಿ ಶಾಸ್ತ್ರಿ ಮತ್ತು ಅಲ್ಲಿನ ಪ್ರಧಾನಿ ಸಿರಿಮಾವೊ ಒಪ್ಪಂದ ಮಾಡಿಕೊಂಡು ಲಕ್ಷಾಂತರ ಜನರನ್ನು ಭಾರತಕ್ಕೆ ಕಳಿಸುವುದು ಅಂತ ತೀರ್ಮಾನಿಸಿದರು. ಉಳಿದವರಿಗೆ ಪೂರ್ತಿ ಪೌರತ್ವ ಸಿಗಲು 2003 ಆಗಬೇಕಾಯಿತು. ನಮ್ಮ ಜೊತೆ ಬಂದ ಅಣ್ಣನ ಚಿಕ್ಕಪ್ಪನ ಕುಟುಂಬ ನೀಲಗಿರಿಯ ಕಡೆ ಹೋಯಿತಂತೆ, ಇವರದು ಇಲ್ಲೇ ಉಳಿಯಿತಂತೆ. ತೋಟದ ಕೂಲಿಯವರ ಲೈನ್ ಮನೆಗಳ ಮುಂದೆ ಹಾದುಹೋಗುವಾಗ ಇದು ನೆನಪಿರಲಿ. ಕೇಳದೆ ಕ್ಯಾಮೆರಾ ಎತ್ತಬೇಡಿ, ಎಲೆ ಕೀಳುವ ಹೆಂಗಸರ ಫೋಟೋವನ್ನಂತೂ ಬೇಡವೇ ಬೇಡ. ತೋಟಕ್ಕೆ ಕಂಪನಿ ಇದೆ, ಆಫೀಸ್ ಇದೆ. ಒಳಗೆ ಹೋಗುವ ಮುಂಚೆ ಒಂದು ಮಾತು ಹೇಳಿ ಹೋಗಿ.

ಬೆಳಿಗ್ಗೆ ಆರಕ್ಕೆ ಹೆಜ್ಜೆ ಹಾಕಿಬಿಡಬೇಕು. ಮೊದಲ ಒಂದು ಗಂಟೆ ಟೀ ನಡುವಿನ ಮಣ್ಣು ದಾರಿ. ಸಿಲ್ವರ್ ಓಕ್ ಮರಗಳು, ಮೆಟ್ಟಿಲು ಮೆಟ್ಟಿಲಾದ ಕಾಲುದಾರಿ, ಒಂದು ಪುಟ್ಟ ಕೋವಿಲ್. ಚಿಕ್ಕಮಗಳೂರು, ಕೊಡಗಿನ ತೋಟ ನೋಡಿದವರಿಗೆ ಇದೆಲ್ಲ ಪರಿಚಯದ ನೋಟವೇ. ಇಲ್ಲಿ ನೀರು ತುಂಬಿಸಿಕೊಳ್ಳಿ, ತಲೆಗೆ ಎರಡು ಲೀಟರ್ ಕಡಿಮೆಯಾಗಬಾರದು. ಮೇಲೆ ಎಲ್ಲೂ ನಂಬಿಕೆಯ ನೀರಿಲ್ಲ.

ಟೀ ಮುಗಿಯುವ ಕಡೆ ಜರಿಗಿಡದ ಪಟ್ಟಿಯೊಂದು ಬರುತ್ತದೆ. ಸಿಂಹಳದಲ್ಲಿ ಕೆಕಿಲ್ಲ ಅನ್ನುತ್ತಾರೆ. ಸೊಂಟದವರೆಗೆ ಬೆಳೆದು ಒಂದಕ್ಕೊಂದು ಹೆಣೆದುಕೊಂಡಿರುತ್ತದೆ. ಒಣಗಿದ ದಂಟು ತಂತಿಯ ಹಾಗೆ ಗಟ್ಟಿ, ಬರಿಗಾಲಿಗೆ ಗೀರುತ್ತದೆ. ಅದಕ್ಕಿಂತ ಮುಖ್ಯ, ಕೆಳಗಿನ ನೆಲ ಕಾಣುವುದಿಲ್ಲ. ಗುಂಡಿ ಇದ್ದರೂ, ಹಳೆಯ ಚರಂಡಿ ಇದ್ದರೂ ಗೊತ್ತಾಗುವುದಿಲ್ಲ. ಕೋಲಿನಿಂದ ಮುಂದೆ ತಟ್ಟಿ ನೋಡಿ, ಆಮೇಲೆ ಕಾಲಿಡಿ. ಉದ್ದ ಪ್ಯಾಂಟ್, ಉದ್ದ ತೋಳಿನ ಅಂಗಿ, ತೋಟದ ಕೈಗವಸು ಇಲ್ಲದೆ ಇದನ್ನು ದಾಟಬೇಡಿ.

ಅಲ್ಲಿಂದ ಕಾಡು. ಮರಗಳು ಎತ್ತರವಿಲ್ಲ, ಗಾಳಿಗೆ ಬಾಗಿ ಸೊಟ್ಟಗಾಗಿವೆ. ಕೊಂಬೆ ತುಂಬಾ ಪಾಚಿ. ನಮ್ಮ ಶೋಲಾ ಕಾಡಿನ ಸಂಬಂಧಿಯೇ. ನಡುನಡುವೆ ವಾಟೆಯಂಥ ಸಣ್ಣ ಬಿದಿರಿನ ಮೆಳೆ. ಅಣ್ಣ ಮುಂದೆ ಬಾಗಿ ನುಸುಳುತ್ತಿದ್ದರು, ನಾವು ಹಿಂದೆ. ಬೆನ್ನಿನ ಚೀಲ ದೊಡ್ಡದಿದ್ದರೆ ಪ್ರತಿ ಹೆಜ್ಜೆಗೂ ಸಿಕ್ಕಿಕೊಳ್ಳುತ್ತದೆ. ಚಿಕ್ಕ ಚೀಲ, ಹೊರಗೆ ಏನೂ ನೇತಾಡಬಾರದು. ಇಬ್ಬರ ನಡುವೆ ಐದಾರು ಹೆಜ್ಜೆಗಿಂತ ದೂರವಾದರೆ ಮುಂದಿನವರು ಕಾಣುವುದಿಲ್ಲ. ಹತ್ತಿರ ಹತ್ತಿರ ನಡೆಯಿರಿ, ಆಗಾಗ ಕೂಗಿಕೊಳ್ಳಿ. ಕೆಲವು ಕಡೆ ಬೇರು ಹಿಡಿದೇ ಏರಬೇಕು. ಹಿಡಿಯುವ ಮುಂಚೆ ಒಮ್ಮೆ ಎಳೆದು ನೋಡಿ, ಪಾಚಿ ಮುಚ್ಚಿದ ಕೊಂಬೆಗಳಲ್ಲಿ ಎಷ್ಟೋ ಕೊಳೆತಿರುತ್ತವೆ.

ಬೆವರಿಳಿಸಿ ಹತ್ತುವಾಗಲೂ ಒಂದು ನಿಮಿಷ ಸುಮ್ನೆ ನಿಂತುಕೊಳ್ಳಿ ಅಂತ ಕೇಳಿಕೊಳ್ಳುತ್ತೇನೆ. ಹಳದಿ ಕಿವಿಯ ಪಿಕಳಾರ ಹಕ್ಕಿ ಶ್ರೀಲಂಕಾದ ಗುಡ್ಡಗಾಡಿನಲ್ಲಿ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ. ನಮಗೆ ಅದು ಜೋಡಿಯಾಗಿ, ಕೈಗೆಟುಕುವಷ್ಟು ಹತ್ತಿರ ಸಿಕ್ಕಿತು. ನೀಲಗಿರಿಯಲ್ಲಿ ಕಾಣುವ ಕೆಂಪು ಹೂವಿನ ರೋಡೋಡೆಂಡ್ರಾನ್ ಮರದ ನೆಂಟನೊಂದು ಈ ಬೆಟ್ಟಗಳಲ್ಲೂ ಬೆಳೆಯುತ್ತದೆ. ಚಿರತೆ ಈ ಟೀ ಸೀಮೆಯಲ್ಲೆಲ್ಲ ಓಡಾಡುತ್ತದೆ. ಕತ್ತಲಾಗುವ ಮುಂಚೆ ಕಾಡಿನಿಂದ ಹೊರಗಿರಬೇಕು ಅನ್ನುವುದಕ್ಕೆ ಅದೂ ಒಂದು ಕಾರಣ. ಬಂಡೆಗಳಲ್ಲಿ ಹೆಜ್ಜೇನು ಕಟ್ಟುವುದುಂಟು. ಬೆಂಕಿ, ಸಿಗರೇಟು, ಸೆಂಟು ಯಾವುದೂ ಬೇಡ.

ಇಂಬಳದ, ಅಂದರೆ ರಕ್ತ ಹೀರುವ ಜಿಗಣೆಯ ವಿಷಯಕ್ಕೆ ಬರೋಣ. ಮಲೆನಾಡಿನವರಿಗೆ ಹೊಸದಾಗಿ ಹೇಳುವುದೇನಿಲ್ಲ, ಬಯಲುಸೀಮೆಯವರಿಗೆ ಹೇಳುತ್ತಿದ್ದೇನೆ. ಒಣ ತಿಂಗಳಲ್ಲೂ ನೆರಳಿನಲ್ಲಿ ಇರುತ್ತವೆ. ಮೊಣಕಾಲವರೆಗಿನ ದಪ್ಪ ಬಟ್ಟೆಯ ಲೀಚ್ ಸಾಕ್ಸ್ ಕೊಂಡೊಯ್ಯಿರಿ, ಅದರ ಮೇಲೆ ಸೋಪು ಒರೆಸಿಕೊಳ್ಳಿ. ಹತ್ತಿದರೆ ಜಗ್ಗಬೇಡಿ, ಉಗುರಿನಿಂದ ಬಾಯಿಯ ಕಡೆ ಸರಿಸಿ ತೆಗೆಯಿರಿ, ಗಾಯ ತೊಳೆದು ಒತ್ತಿ ಹಿಡಿಯಿರಿ. ರಕ್ತ ಸ್ವಲ್ಪ ಹೊತ್ತು ಸೋರುತ್ತದೆ, ಗಾಬರಿ ಬೇಡ. ಹುಲ್ಲಿನಲ್ಲಿ ಉಣ್ಣಿಗಳೂ ಇರುತ್ತವೆ. ರಾತ್ರಿ ಸ್ನಾನಕ್ಕೆ ಮುಂಚೆ ಕಂಕುಳು, ಮೊಣಕಾಲ ಹಿಂಭಾಗ, ತಲೆಕೂದಲು ಎಲ್ಲ ನೋಡಿಕೊಳ್ಳಿ.

ತುದಿಯಲ್ಲಿ ವಿಶಾಲ ಬಯಲೇನೂ ಇಲ್ಲ. ಪೊದೆಗಳ ನಡುವೆ ಸ್ವಲ್ಪ ತೆರೆದ ಜಾಗ. ಆದರೆ ಮೋಡ ಸರಿದರೆ ಸಿಗುವ ನೋಟಕ್ಕೆ ಬೇರೆ ಸಾಟಿಯಿಲ್ಲ. ಪೂರ್ವಕ್ಕೆ ದೇಶದ ಅತಿ ಎತ್ತರದ ಪಿದುರುತಲಾಗಲ, 2,524 ಮೀಟರ್. ಪಶ್ಚಿಮದ ಕಡೆ ಮೊನಚಾದ ಶ್ರೀಪಾದ. ಉತ್ತರಕ್ಕೆ ಕೊತ್ಮಲೆ ಕಣಿವೆ. ಕಾಲಕೆಳಗೆ ರೈಲು ಸಣ್ಣಗೆ ಹರಿದುಹೋಗುತ್ತದೆ. ಶ್ರೀಪಾದವನ್ನು ಮೆಟ್ಟಿಲ ಮೇಲೆ ಲಕ್ಷಾಂತರ ಜನ ಹತ್ತುತ್ತಾರೆ, ಅದು ಬೇರೆಯೇ ಅನುಭವ. ನನ್ನನ್ನು ಕೇಳಿದರೆ ಎರಡರಲ್ಲಿ ನಾನು ಇದನ್ನೇ ಆರಿಸುತ್ತೇನೆ. ಈ ನೋಟ ಬೇಕಾದರೆ ಹನ್ನೊಂದರ ಒಳಗೆ ಮೇಲಿರಬೇಕು, ಮಧ್ಯಾಹ್ನ ಮಂಜು ಏರಿ ಬರುತ್ತದೆ.

ಹಾಗಂತ ಮೇಲೆ ತಲುಪಲೇಬೇಕು ಅನ್ನುವ ಹಟ ಬೇಡ. ಹನ್ನೆರಡಕ್ಕೆ ಎಲ್ಲಿದ್ದೀರೋ ಅಲ್ಲಿಂದ ವಾಪಸ್. ಅಲ್ಲಿ ವರ್ಷವಿಡೀ ಸಂಜೆ ಆರು, ಆರೂವರೆಗೆಲ್ಲ ಕತ್ತಲು. ಇಳಿಯುವುದಕ್ಕೆ ಹತ್ತಿದಷ್ಟೇ ಹೊತ್ತು ಬೇಕು, ಯಾಕೆಂದರೆ ಒದ್ದೆ ಎಲೆಯ ಮೇಲೆ ಜಾರುತ್ತದೆ. ದಾರಿ ತಪ್ಪುವುದೂ ಇಳಿಯುವಾಗಲೇ ಜಾಸ್ತಿ. ಮೇಲಿನಿಂದ ನೋಡಿದರೆ ನೀರು ಹರಿದ ಜಾಡು, ಜಿಂಕೆ ನಡೆದ ಜಾಡು ಎಲ್ಲವೂ ದಾರಿಯಂತೆಯೇ ಕಾಣುತ್ತವೆ. ಹತ್ತುವಾಗ ಕವಲು ಬಂದ ಕಡೆ ಹಿಂತಿರುಗಿ ಒಂದು ಫೋಟೋ ತೆಗೆದುಕೊಂಡಿರಿ. ತಲೆಗೆ ಕಟ್ಟುವ ಟಾರ್ಚ್ ಪ್ರತಿಯೊಬ್ಬರ ಹತ್ತಿರವೂ ಇರಲಿ. ತುರ್ತಿಗೆ 1990ಕ್ಕೆ ಕರೆ ಮಾಡಿದರೆ ಉಚಿತ ಆಂಬುಲೆನ್ಸ್ ಬರುತ್ತದೆ. ಭಾರತದ ನೆರವಿನಿಂದಲೇ ಶುರುವಾದ ಸೇವೆ ಅದು. ಆದರೆ ಅದು ಬರುವುದು ರಸ್ತೆಯವರೆಗೆ ಮಾತ್ರ. ಕಾಡಿನಿಂದ ನಿಮ್ಮನ್ನು ಹೊತ್ತು ತರಬೇಕಾದವರು ತೋಟದವರೇ.

ಬುತ್ತಿಗೆ ರೊಟ್ಟಿ, ಕಾಯಿ ಸಂಬಲ್ (ತೆಂಗಿನಕಾಯಿ ಚಟ್ನಿ) ಕಟ್ಟಿಸಿಕೊಳ್ಳಿ, ಹಿಂದಿನ ರಾತ್ರಿಯೇ ಹೇಳಿದರೆ ಮಾಡಿಕೊಡುತ್ತಾರೆ. ಜೊತೆಗೆ ಬರುವವರಿಗೂ ಒಂದು ಪೊಟ್ಟಣ ಇರಲಿ. ಅವರ ಹಣದ ಮಾತು ಹೊರಡುವ ಮುಂಚೆಯೇ ಆಗಲಿ, ಚೌಕಾಸಿ ಬೇಡ. ಅವರು ಒಂದು ದಿನದ ಕೂಲಿ ಬಿಟ್ಟು ಬರುತ್ತಾರೆ, ಅದರ ಎರಡರಷ್ಟಕ್ಕಿಂತ ಕಡಿಮೆ ಕೊಡಬೇಡಿ. ಅಷ್ಟು ದೂರದ ಊರುಗಳಲ್ಲಿ ಕಾರ್ಡ್ ನಡೆಯುವುದಿಲ್ಲ, ತಲವಾಕೆಲೆಯ ಎಟಿಎಂನಲ್ಲೇ ನಗದು ತೆಗೆದಿಟ್ಟುಕೊಳ್ಳಿ.