ಕಾಸರಗೋಡಿನ ಮಗುವಿಗೆ ಯಾವ ಭಾಷೆಯಲ್ಲಿ ಸ್ಪೀಚ್ ಥೆರಪಿ?

ನಮ್ಮ ಸ್ಪೀಚ್ ಥೆರಪಿ (ಮಾತಿನ ಚಿಕಿತ್ಸೆ) ಕೇಂದ್ರಕ್ಕೆ ಇಂಟರ್ನ್‌ಶಿಪ್‌ಗೆ ಬರುವವರಲ್ಲಿ ಮೈಸೂರಿನಲ್ಲಿ ಓದಿದವರಿಗೆ ಮಲಯಾಳ ಬರುವುದಿಲ್ಲ. ತಿರುವನಂತಪುರದಲ್ಲಿ ಓದಿದವರಿಗೆ ಕನ್ನಡ ಬರುವುದಿಲ್ಲ. ಆದರೆ ಬದಿಯಡ್ಕ, ಪೆರ್ಲ, ಕುಂಬಳೆಯಿಂದ ಬರುವ ಮೂರು ವರ್ಷದ ಮಗು ಅಜ್ಜಿಯ ಹತ್ತಿರ ತುಳು, ಅಮ್ಮನ ಹತ್ತಿರ ಕನ್ನಡ, ಅಂಗನವಾಡಿಯಲ್ಲಿ ಮಲಯಾಳ ಕೇಳಿಕೊಂಡೇ ಬೆಳೆದಿರುತ್ತದೆ. ಈ ಇಂಟರ್ನ್‌ಗಳಿಗೆ ಟ್ರೈನಿಂಗ್ ಕೊಡುವಾಗ ನಾನು ಮೊದಲು ಕಲಿಸುವುದು ಇದನ್ನೇ: ಒಂದೇ ಭಾಷೆಯಲ್ಲಿ ಕೇಳಿ ಮಗುವಿನ ಮಾತನ್ನು ಅಳೆಯಬೇಡಿ.

ಮೊನ್ನೆ ಒಬ್ಬ ಹುಡುಗನ ಅಸೆಸ್‌ಮೆಂಟ್ (ಮಾತಿನ ಪರೀಕ್ಷೆ) ಇತ್ತು. ಕಿವಿ ಪರೀಕ್ಷೆ ಮೊದಲೇ ಆಗಿತ್ತು, ತೊಂದರೆ ಇರಲಿಲ್ಲ. ಇಂಟರ್ನ್ ಹುಡುಗಿ ಚಿತ್ರ ತೋರಿಸಿ ಕನ್ನಡದಲ್ಲಿ ಕೇಳುತ್ತಾ ಹೋದಳು. ಬೆಕ್ಕಿಗೆ ಉತ್ತರವಿಲ್ಲ, ಹಾಲಿಗೂ ಇಲ್ಲ. "ಮೇಡಂ, ಪದಗಳೇ ತುಂಬಾ ಕಡಿಮೆ" ಅಂದಳು. ಹೊರಗೆ ಕೂತಿದ್ದ ಅಜ್ಜಿಯನ್ನು ಕರೆಸಿದೆವು. ಅವರು ನೆಲದ ಮೇಲೆ ಕೂತು, ಅದೇ ಬೆಕ್ಕಿನ ಚಿತ್ರ ಹಿಡಿದು, ತುಳುವಿನಲ್ಲಿ "ಉಂದು ದಾದ ಮಗಾ?" (ಇದೇನು ಮಗಾ?) ಅಂದರು. "ಪುಚ್ಚೆ" ಅಂದ. ಹಾಲಿಗೆ "ಪೇರ್" ಅಂದ. ನೀರಿಗೆ ಮಾತ್ರ "ವೆಳ್ಳಂ". ಅದು ಅಂಗನವಾಡಿಯಿಂದ ಬಂದದ್ದು.

ಮೂರು ಭಾಷೆಯ ಪದಗಳನ್ನು ಒಟ್ಟು ಸೇರಿಸಿದಾಗ ಪಟ್ಟಿ ಸಾಕಷ್ಟು ಉದ್ದವಾಯಿತು. ಆದರೂ ತೊಂದರೆ ಇತ್ತು. ಎರಡು ಪದ ಜೋಡಿಸಿ ಹೇಳುವುದು ಅವನಿಗೆ ಯಾವ ಭಾಷೆಯಲ್ಲೂ ಬರುತ್ತಿರಲಿಲ್ಲ. ಆ ವಯಸ್ಸಿಗೆ ಅದು ಬಂದಿರಬೇಕು. ನಿಜವಾದ ತೊಂದರೆ ಮಗು ಆಡುವ ಎಲ್ಲಾ ಭಾಷೆಗಳಲ್ಲೂ ಕಾಣುತ್ತದೆ. ಬರೀ ಕನ್ನಡದಲ್ಲಿ ನೋಡಿದ್ದರೆ ಇಲ್ಲದ ತೊಂದರೆಗೆ ಥೆರಪಿ ಶುರು ಮಾಡುತ್ತಿದ್ದೆವು, ಇರುವುದನ್ನು ಬಿಟ್ಟುಬಿಡುತ್ತಿದ್ದೆವು.

ಅಮೆರಿಕದಲ್ಲಿ ಸ್ಪ್ಯಾನಿಷ್-ಇಂಗ್ಲಿಷ್ ಎರಡೂ ಆಡುವ ಮಕ್ಕಳಿಗಾಗಿಯೇ ಥೆರಪಿಸ್ಟ್‌ಗಳನ್ನು ತಯಾರು ಮಾಡುವ ಕೋರ್ಸ್‌ಗಳು ಕೆಲವು ಯೂನಿವರ್ಸಿಟಿಗಳಲ್ಲಿವೆ. ಸ್ಪ್ಯಾನಿಷ್‌ನಲ್ಲಿ ಪದದ ಮೊದಲಿಗೇ 'ಸ್ಕ', 'ಸ್ಟ' ಬರುವುದಿಲ್ಲ. ಹಾಗಾಗಿ ಆ ಮನೆಯ ಮಗು ಸ್ಕೂಲ್‌ಗೆ 'ಎಸ್ಕೂಲ್' ಅಂದರೆ ಅದು ಉಚ್ಚಾರಣೆಯ ದೋಷವಲ್ಲ ಅಂತ ಅವರು ಕಲಿಯುತ್ತಾರೆ. ನಮ್ಮಲ್ಲೂ 'ಇಸ್ಕೂಲು' ಅನ್ನುವವರಿದ್ದಾರಲ್ವಾ! ಮಗು ಆಡುವ ಪದಗಳಿಗೆ ಹೆತ್ತವರು ಗುರುತು ಹಾಕುವ ಮಕಾರ್ಥರ್-ಬೇಟ್ಸ್ ಪದಪಟ್ಟಿ ಸ್ಪ್ಯಾನಿಷ್‌ನಲ್ಲೂ ಇದೆ. ಅದು ಇಂಗ್ಲಿಷ್ ಪಟ್ಟಿಯ ಬರೀ ಅನುವಾದವಲ್ಲ. ಸ್ಪ್ಯಾನಿಷ್ ಮಕ್ಕಳ ಮಾತಿಗೆ ಹೊಂದುವಂತೆ ಮಾಡಿದ್ದು.

ನಮ್ಮ ಇಂಟರ್ನ್‌ಗಳಿಗೂ ಇಂಥ ತಿಳಿವಳಿಕೆ ಬೇಕು. ಮಲಯಾಳದಲ್ಲಿ ನಾನು ಬಂದರೂ ಅವನು ಬಂದರೂ ಕ್ರಿಯಾಪದ 'ವನ್ನು' ಒಂದೇ. ಮನೆಯಲ್ಲಿ ಮಲಯಾಳ ಜಾಸ್ತಿ ಕೇಳಿದ ಮಗು ಕನ್ನಡದಲ್ಲಿ "ನಾನು ಬಂತು" ಅಂದರೆ ಗಾಬರಿಯಾಗಿ ಫೈಲಿನಲ್ಲಿ ಕೆಂಪು ಗೆರೆ ಎಳೆಯಬಾರದು. ಮೊದಲು ಅದರ ಮಲಯಾಳ ಹೇಗಿದೆ ಅಂತ ಕೇಳಬೇಕು.

ಭಾಷೆ ಬಾರದಿದ್ದರೆ ಮನೆಯವರೊಬ್ಬರನ್ನು ಜೊತೆಗೆ ಕೂರಿಸಿಕೊಳ್ಳುತ್ತೇವೆ. ಅದನ್ನೂ ಕಲಿಯಬೇಕು. ಒಳಗೆ ಬರುವ ಮೊದಲೇ ಹೇಳಿಬಿಡಬೇಕು: ಬೆರಳು ತೋರಿಸಬೇಡಿ, ಉತ್ತರ ಹೇಳಿಕೊಡಬೇಡಿ, ಮಗು ಏನಂದಿತೋ ಅದನ್ನೇ ನಮಗೆ ಹೇಳಿ, ಸರಿಪಡಿಸಿ ಹೇಳಬೇಡಿ. ಪಾಪ, ಅಜ್ಜಿಯಂದಿರಿಗೆ ಇದು ಬಹಳ ಕಷ್ಟ.

ಆ ಹುಡುಗನ ಮನೆಯವರಿಗೆ ಹಿಂದೆ ಒಂದು ಕಡೆ "ಒಂದೇ ಭಾಷೆ ಇಟ್ಟುಕೊಳ್ಳಿ, ಮಗು ಗಲಿಬಿಲಿಯಾಗುತ್ತದೆ" ಅಂದಿದ್ದರಂತೆ. ಅವರು ಕನ್ನಡ ಇಟ್ಟುಕೊಂಡರು. ಅಜ್ಜಿಗೆ ಕನ್ನಡ ಸರಾಗವಿಲ್ಲ. ಮೊಮ್ಮಗನ ಹತ್ತಿರ ಮಾತನ್ನೇ ಕಡಿಮೆ ಮಾಡಿಬಿಟ್ಟರು. ನನಗೆ ತುಂಬಾ ಸಂಕಟವಾಯಿತು. ಹಗಲೆಲ್ಲಾ ಮಗುವನ್ನು ನೋಡಿಕೊಳ್ಳುವವರು ಅವರೇ. ಹೆಚ್ಚು ಭಾಷೆ ಕೇಳಿದ್ದರಿಂದ ಮಾತು ತಡವಾಗುವುದಿಲ್ಲ. ಭಾಷೆ ಬಿಡಿಸಿದರೆ ಮಗುವಿನ ಕಿವಿಗೆ ಬೀಳುವ ಮಾತು ಕಡಿಮೆಯಾಗುತ್ತದೆ, ಅಷ್ಟೇ. ಈಗ ಅಜ್ಜಿಗೆ ನಮ್ಮ ಇಂಟರ್ನ್ ಹುಡುಗಿ ಹೇಳಿಕೊಟ್ಟಿದ್ದಾಳೆ: ಅವನು "ಪುಚ್ಚೆ" ಅಂದರೆ ನೀವು "ಪುಚ್ಚೆ ಬತ್ತ್ಂಡ್" (ಬೆಕ್ಕು ಬಂತು) ಅನ್ನಿ. ಒಂದು ಪದ ಸೇರಿಸಿ, ತುಳುವಿನಲ್ಲೇ.

ಈಗ ನಾವು ನಮ್ಮದೇ ಪದಪಟ್ಟಿ ಮಾಡುತ್ತಿದ್ದೇವೆ. ಕನ್ನಡ, ಮಲಯಾಳ, ತುಳು ಸುಮಾರಾಗಿ ಆಗಿದೆ. ಬ್ಯಾರಿ, ಹವ್ಯಕ, ಕೊಂಕಣಿ, ಮರಾಠಿ ಬಾಕಿ. ಅಂಗನವಾಡಿ ಟೀಚರ್‌ಗಳು, ಅಮ್ಮಂದಿರು, ಅಜ್ಜಿಯಂದಿರು ದಯವಿಟ್ಟು ನಿಮ್ಮ ಮನೆಯ ಪುಟ್ಟ ಮಕ್ಕಳು ಊಟಕ್ಕೆ, ನಿದ್ದೆಗೆ, ನೋವಿಗೆ, ಪ್ರಾಣಿಗಳಿಗೆ ಏನನ್ನುತ್ತಾರೆ ಅಂತ ಬರೆದು ಕಳಿಸಿ. ತೊದಲಿದ್ದರೆ ತೊದಲಿದ ಹಾಗೆಯೇ ಬರೆಯಿರಿ, ಜೊತೆಗೆ ಮಗುವಿನ ವಯಸ್ಸನ್ನೂ.